ಅಕ್ಕೋರಿಗೆ ಉಸಿರು ಬಂದ ವರ್ಷ

ನಮ್ಮ ಅಕ್ಕೋರ ಬೀಳ್ಕೊಡುಗೆಗೆಂದು ನಾನು ಬರೆದುಕೊಂಡು ಹೋಗಿದ್ದ ಭಾಷಣವನ್ನು ಅವರು ನನಗೆ ಓದಗೊಡಲಿಲ್ಲ. ಸಮಾರಂಭ ಶುರುವಾಗುವ ಮೊದಲೇ ಸ್ಟಾಫ್ ರೂಮಿನಲ್ಲಿ ನನ್ನ ಕೈಯಿಂದ ಹಾಳೆ ಇಸಿದುಕೊಂಡು, ಕನ್ನಡಕ ಏರಿಸಿ, ನಿಂತಲ್ಲೇ ಓದಿದರು. ಅವರ ಹೆಸರು ಬಂದ ಕಡೆಯೆಲ್ಲ ನನ್ನದೇ ಪೆನ್ನು ತೆಗೆದುಕೊಂಡು ಗೀಟು ಎಳೆದರು.

"ಕೊಟ್ಟವರು ಯಾರು ಅಂತ ನನಗ ಗೊತ್ತಿಲ್ಲ. ತಗೊಂಡಾಕಿ ಹೆಸರು ಯಾಕ ಡಂಗುರ ಸಾರಬೇಕು? ಅಕ್ಕೋರು ಅಂದ್ರ ಸಾಕು" ಎಂದರು.

ನಮ್ಮ ಕಡೆ ಸಾಲಿಯಲ್ಲಿ ಕಲಿಸುವ ಹೆಂಗಸರೆಲ್ಲ ಅಕ್ಕೋರೇ. ಆದರೆ ಇಳಕಲ್ಲಿನ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಆಟೋದವನಿಗೆ ಅಕ್ಕೋರ ಮನೆ ಎಂದರೆ, ಅವನು ಮತ್ತೇನೂ ಕೇಳದೆ ತಂದು ನಿಲ್ಲಿಸುವುದು ಒಂದೇ ಬಾಗಿಲಿಗೆ. ಆ ಧೈರ್ಯದ ಮೇಲೆ ಹೆಸರಿಲ್ಲದೆಯೇ ಬರೆಯುತ್ತಿದ್ದೇನೆ.

ನಾನು ಎಂಟನೆಯ ಇಯತ್ತೆಯಲ್ಲಿದ್ದ ವರ್ಷ ಅವರು ನಮ್ಮ ಹೆಣ್ಣುಮಕ್ಕಳ ಹೈಸ್ಕೂಲಿಗೆ ಆಟ ಕಲಿಸಲು ಬಂದರು. ಇಳಕಲ್ ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು, ಕಾಲಿಗೆ ಬಿಳಿ ಕ್ಯಾನ್ವಾಸ್ ಬೂಟು ಹಾಕಿ, ಕೊರಳಲ್ಲಿ ಸೀಟಿ ಇಳಿಬಿಟ್ಟುಕೊಂಡು ಮೈದಾನಕ್ಕೆ ಬಂದ ಆ ಹೆಂಗಸನ್ನು ನೋಡಿ ನಾವೆಲ್ಲ ಬಾಯಿ ಮುಚ್ಚಿ ನಕ್ಕಿದ್ದೆವು. ಒಂದು ವಾರದಲ್ಲಿ ನಗು ನಿಂತಿತು. ಕಬಡ್ಡಿ ಅಂಕಣದಲ್ಲಿ ಅವರು ಸ್ವತಃ ಇಳಿದು ಆಡಿ ತೋರಿಸುತ್ತಿದ್ದರು. ನಮ್ಮಲ್ಲಿ ಏಳು ಜನ ಸೇರಿದರೂ ಅವರೊಬ್ಬರನ್ನು ಹಿಡಿದು ಕೆಡವಲು ಆಗುತ್ತಿರಲಿಲ್ಲ. ಅವರ ದಮ್ಮು ಅಂಥಾದ್ದು. ಈ ಗೆರೆಯಿಂದ ಆ ಗೆರೆಗೆ ಮೂರು ಸಲ ಹೋಗಿ ಬಂದರೂ ಬಾಯಲ್ಲಿನ ಕಬಡ್ಡಿ ಕಬಡ್ಡಿ ತುಂಡಾಗುತ್ತಿರಲಿಲ್ಲ. ನನ್ನ ಆಟ ನೋಡಿದ ಎರಡನೆಯ ದಿನವೇ ನನ್ನ ಕೈಗೆ ಪುಸ್ತಕ, ಪೆನ್ಸಿಲು ಕೊಟ್ಟು, ನೀ ಅಂಕ ಬರಿ ಎಂದು ಪಕ್ಕಕ್ಕೆ ಕೂಡಿಸಿದರು. ಹೀಗೆ ನಾನು ಬರೆಯುವವಳಾದೆ.

ಆಗ ನಮ್ಮ ಊರಿನಲ್ಲಿ ಹುಡುಗಿಯರನ್ನು ಸಂಜೆ ಆಟಕ್ಕೆ ಬಿಡಿಸುವುದೇ ದೊಡ್ಡ ಕೆಲಸ. ನೇಕಾರರ ಮನೆಯ ಒಬ್ಬ ಹುಡುಗಿ ಬಲು ಚುರುಕು. ಆದರೆ ಸಂಜೆ ಅವಳು ಮನೆಯಲ್ಲಿ ಕೂತು ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಬೇಕು. ಮನೆಯವರು ಬಿಡುವುದಿಲ್ಲ ಎಂದರು. ಅಕ್ಕೋರು ವಾದ ಮಾಡಲಿಲ್ಲ. ಹುಡುಗಿಯನ್ನು ಮೈದಾನಕ್ಕೆ ಕಳಿಸಿ, ಅವಳ ಜಾಗದಲ್ಲಿ ತಾವೇ ರಾಟಿಯ ಮುಂದೆ ಕುಳಿತರು. ಒಂದು ದಿನವಲ್ಲ, ನಾಲ್ಕು ದಿನ. ಅವರ ಕೈಯಲ್ಲಿ ನೂಲು ಗಳಿಗೆಗೊಮ್ಮೆ ಹರಿಯುತ್ತಿತ್ತು. ಐದನೆಯ ದಿನ ಆ ಹುಡುಗಿಯ ಅಜ್ಜಿ ಕೈ ಮುಗಿದು, ನಮ್ಮ ನೂಲು ಹಾಳಾಗೂದು ನೋಡಾಕ ಆಗವಲ್ದು, ನೀವಾ ಆಕಿನ ಕರಕೊಂಡು ಹೋಗಿ ಆಡಸ್ರಿ ಎಂದು ಎಬ್ಬಿಸಿ ಕಳಿಸಿದಳಂತೆ. ಇದನ್ನು ಅಕ್ಕೋರು ತಮ್ಮ ದೊಡ್ಡ ಗೆಲುವುಗಳಲ್ಲಿ ಒಂದೆಂದು ಹೇಳಿಕೊಳ್ಳುತ್ತಿದ್ದರು.

ಇನ್ನೊಂದು ಪ್ರಸಂಗ ಹುನಗುಂದದ್ದು. ತಾಲೂಕು ಪಂದ್ಯದ ಕೊನೆಯ ಆಟದಲ್ಲಿ ನಾವು ಒಂದು ಅಂಕದಿಂದ ಗೆದ್ದೆವು ಎಂದು ಪಂಚರು ಸಾರಿದರು. ನಾವು ಕುಣಿಯುತ್ತಿದ್ದೆವು. ಅಕ್ಕೋರು ನನ್ನ ಕೈಯಲ್ಲಿದ್ದ ಅಂಕದ ಪುಸ್ತಕ ನೋಡಿ, ಪಂಚರ ಹತ್ತಿರ ಹೋಗಿ, ನಮ್ಮ ಹುಡುಗಿಯ ಕಾಲು ಗೆರೆ ಮುಟ್ಟಿರಲಿಲ್ಲ, ಆ ಅಂಕ ನಮ್ಮದಲ್ಲ ಎಂದರು. ಮತ್ತೆ ಆಡಿಸಿದರು. ಸೋತೆವು. ವಾಪಸು ಬರುವ ಬಸ್ಸಿನಲ್ಲಿ ನಾವು ಯಾರೂ ಅವರೊಡನೆ ಮಾತಾಡಲಿಲ್ಲ. ಅವರೂ ಸಮಾಧಾನ ಮಾಡಲು ಬರಲಿಲ್ಲ. ಇಳಿಯುವಾಗ ಒಂದೇ ಮಾತು ಹೇಳಿದರು. "ಮಂದಿದು ನಮ್ಮ ಕೈಯಾಗ ಬಂದ್ರ ಅದು ಗೆಲುವಲ್ಲ. ಸುಮ್ಮ ಹೋಗಿ ಉಂಡು ಮಲಕೋರಿ."

ಮುಂದೆ ನಾನು ಅದೇ ಸಾಲಿಗೆ ಕನ್ನಡ ಶಿಕ್ಷಕಿಯಾಗಿ ಬಂದಾಗಲೂ ಅವರಿಗೆ ನಾನು ಸಹೋದ್ಯೋಗಿಯಾಗಲಿಲ್ಲ. ಅಂಕ ಬರೆಯುವ ಹುಡುಗಿಯೇ ಆಗಿ ಉಳಿದೆ. ಅವರು ನನಗೆ ನೀ ಎನ್ನುತ್ತಿದ್ದರು, ತಂಗಿ ಎಂದು ಕರೆಯುತ್ತಿದ್ದರು. ಮದುವೆ ಮಾಡಿಕೊಂಡವರಲ್ಲ. ತಮ್ಮ ಮತ್ತು ತಮ್ಮನ ಹೆಂಡತಿಯ ಜೊತೆ ಒಂದೇ ಮನೆಯಲ್ಲಿ ಇದ್ದರು. ಆ ತಮ್ಮನು ಗ್ರಾನೈಟ್ ಪಾಲಿಶ್ ಕಾರ್ಖಾನೆಯಲ್ಲಿ ಮೇಸ್ತ್ರಿ.

ಆರೇಳು ವರ್ಷದ ಹಿಂದೆ ಅವರ ಸೀಟಿ ಕೇಳಿಸುವುದು ಬದಲಾಯಿತು. ಮೊದಲು ಉದ್ದಕ್ಕೆ ಬರುತ್ತಿದ್ದ ಸದ್ದು ನಡುವೆ ತುಂಡಾಗತೊಡಗಿತು. ಆಮೇಲೆ ಒಂದು ದಿನ ಸೀಟಿ ತಂಡದ ನಾಯಕಿಯ ಕೊರಳಲ್ಲಿ ಕಂಡಿತು. ಕೇಳಿದರೆ, ಹುಡುಗ್ಯಾರು ಕಲೀಲಿ ಅಂತ ಕೊಟ್ಟೇನಿ ಎಂದರು. ಒಣ ಕೆಮ್ಮು ಬಿಡಲೊಲ್ಲದು. ಸ್ಟಾಫ್ ರೂಮಿನ ಮೆಟ್ಟಿಲು ಹತ್ತುವಾಗ ನಡುವೆ ನಿಂತು, ಗೋಡೆಯ ಮೇಲಿನ ನೋಟಿಸು ಓದುವಂತೆ ಮಾಡುತ್ತಿದ್ದರು. ಆ ನೋಟಿಸು ಹೋದ ವರ್ಷದ್ದು ಎಂದು ನನಗೆ ಗೊತ್ತಿತ್ತು. ನಾನೂ ನಿಂತು ಓದುವಂತೆ ಮಾಡುತ್ತಿದ್ದೆ.

ಕೊನೆಗೆ ಬಾಗಲಕೋಟೆಯ ಎದೆ ಡಾಕ್ಟರರು ಫೋಟೋ ತೆಗೆಸಿ ನೋಡಿ, ಎರಡೂ ಶ್ವಾಸಕೋಶ ಗಟ್ಟಿಯಾಗುತ್ತ ಹೋಗುವ ಕಾಯಿಲೆ ಎಂದರು. ಹಿಗ್ಗಬೇಕಾದ್ದು ಹಿಗ್ಗುವುದಿಲ್ಲ, ಗಾಳಿ ಒಳಗೆ ಹೋದರೂ ರಕ್ತಕ್ಕೆ ದಾಟುವುದಿಲ್ಲ. ಯಾಕೆ ಬಂತು ಎಂದು ಖಚಿತವಾಗಿ ಹೇಳಲಾಗದು. ತಮ್ಮನ ತಲೆಗೆ ಮಾತ್ರ ಒಂದೇ ಮಾತು ಹೊಕ್ಕಿತು. ತಾನು ಇಷ್ಟು ವರ್ಷ ಬಟ್ಟೆಯಲ್ಲಿ ಹೊತ್ತು ತಂದ ಕಲ್ಲಿನ ಧೂಳೇ ಅಕ್ಕನ ಎದೆಯಲ್ಲಿ ಕೂತಿತು ಎಂದು. ಡಾಕ್ಟರರು ಹಾಗೆ ಹೇಳಲು ಬರುವುದಿಲ್ಲ ಎಂದು ಎಷ್ಟು ಸಲ ಅಂದರೂ ಅವನು ಪ್ರತಿ ಸಲ ಅದನ್ನೇ ಕೇಳುತ್ತಿದ್ದ. ಅಂದಿನಿಂದ ಕಾರ್ಖಾನೆಯಲ್ಲೇ ಸ್ನಾನ ಮಾಡಿ, ಬೇರೆ ಬಟ್ಟೆ ಉಟ್ಟು ಮನೆಗೆ ಬರತೊಡಗಿದ. ಈಗಲೂ ಹಾಗೆಯೇ ಬರುತ್ತಾನೆ.

ಮನೆಗೆ ಆಕ್ಸಿಜನ್ ಯಂತ್ರ ಬಂತು. ಮೂಗಿಗೆ ನಳಿಕೆ ಹಚ್ಚಿಕೊಂಡು ಕುಳಿತ ಅಕ್ಕೋರನ್ನು ನೋಡಲು ಹೋದ ಹಳೆಯ ವಿದ್ಯಾರ್ಥಿನಿಯರು ಅಳುತ್ತ ಹೊರಗೆ ಬರುತ್ತಿದ್ದರು. ಔಷಧದಿಂದ ಇನ್ನು ಆಗದು, ಬೇರೆಯವರ ಶ್ವಾಸಕೋಶ ಜೋಡಿಸುವುದೊಂದೇ ದಾರಿ ಎಂದು ಬಾಗಲಕೋಟೆಯ ಡಾಕ್ಟರರೇ ಚೆನ್ನೈಗೆ ಬರೆದುಕೊಟ್ಟರು. ಖರ್ಚಿನ ಮಾತು ಇಲ್ಲಿ ಬೇಡ. ಸರ್ಕಾರದಿಂದ ಬರುವುದು ಬಂತು, ಉಳಿದದ್ದಕ್ಕೆ ಅವರ ಕೈಯಲ್ಲಿ ಆಡಿದ ಹುಡುಗಿಯರು ಕೇಳುವ ಮೊದಲೇ ಹೆಗಲು ಕೊಟ್ಟರು. ತಮ್ಮ ಮತ್ತು ಅವನ ಹೆಂಡತಿ ಆಸ್ಪತ್ರೆಯ ಹತ್ತಿರವೇ ಬಾಡಿಗೆ ಮನೆ ಹಿಡಿದರು. ಕರೆ ಬಂದರೆ ಸ್ವಲ್ಪ ಹೊತ್ತಿನಲ್ಲೇ ಅಲ್ಲಿರಬೇಕಲ್ಲ. ಕಾಯುವುದು ಶುರುವಾಯಿತು.

ದಸರಾ ರಜೆಯಲ್ಲಿ ನಾನು ಹೋದೆ. ಅಕ್ಕೋರು ಅರ್ಧ ಆಗಿದ್ದರು. ಮೂರು ಮಾತಿಗೊಮ್ಮೆ ಉಸಿರು ಎಳೆದುಕೊಂಡು ಮಾತಾಡುತ್ತಿದ್ದರು. ಆ ವಾರವೇ ಆಸ್ಪತ್ರೆಯವರು ನಮ್ಮನ್ನು ಕೂಡಿಸಿಕೊಂಡು ಒಂದು ವಿಷಯ ಕೇಳಿದರು. ಆ ತಂಡದಲ್ಲಿ ಗದಗ ಕಡೆಯ ಒಬ್ಬ ಡಾಕ್ಟರಮ್ಮ ಇದ್ದದ್ದು ನಮ್ಮ ಪುಣ್ಯ. ಎಲ್ಲವನ್ನೂ ನಮ್ಮ ಮಾತಿನಲ್ಲಿ ಬಿಡಿಸಿ ಹೇಳಿದರು.

ಸಾಮಾನ್ಯವಾಗಿ ಶ್ವಾಸಕೋಶ ಸಿಗುವುದು ಮಿದುಳು ಪೂರ್ತಿ ಸತ್ತು, ಯಂತ್ರ ಉಸಿರಾಡಿಸುತ್ತಿರುವುದರಿಂದ ಹೃದಯ ಮಾತ್ರ ಬಡಿಯುತ್ತಿರುವವರಿಂದ. ಇನ್ನೊಂದು ದಾರಿಯೂ ಇದೆ, ನಮ್ಮ ದೇಶದಲ್ಲಿ ಇನ್ನೂ ಕಡಿಮೆ ನಡೆದದ್ದು. ಕೆಲವರಿಗೆ ಮಿದುಳು ಪೂರ್ತಿ ಸತ್ತಿರುವುದಿಲ್ಲ, ಆದರೆ ಮರಳಿ ಬರುವ ಯಾವ ಆಸೆಯೂ ಇರುವುದಿಲ್ಲ. ಮನೆಯವರು ಯಂತ್ರ ತೆಗೆಯಿರಿ ಎನ್ನುತ್ತಾರೆ. ಯಂತ್ರ ತೆಗೆದ ಮೇಲೆ ಹೃದಯ ತಾನಾಗಿ ನಿಲ್ಲುತ್ತದೆ. ನಿಂತ ಮೇಲೆ ಕೆಲವು ನಿಮಿಷ ಯಾರೂ ಮುಟ್ಟದೆ ಕಾಯುತ್ತಾರೆ. ಸಾವು ಎಂದು ಬರೆದಾದ ಮೇಲೆಯೇ ಅಂಗ ತೆಗೆಯುವವರು ಒಳಗೆ ಬರುತ್ತಾರೆ. ರಕ್ತ ಓಡುವುದು ನಿಂತರೆ ಬೇರೆ ಅಂಗಗಳು ಬೇಗ ಕೆಡುತ್ತವೆ. ಶ್ವಾಸಕೋಶದೊಳಗೆ ಗಾಳಿ ಇರುತ್ತದಲ್ಲ, ಅದು ಅಷ್ಟು ಬೇಗ ಸಾಯುವುದಿಲ್ಲ. ಅಂಥ ಶ್ವಾಸಕೋಶ ಬಂದರೆ ಒಪ್ಪುತ್ತೀರಾ, ಅಥವಾ ಮೊದಲಿನ ರೀತಿಯದಕ್ಕೇ ಕಾಯುತ್ತೀರಾ?

ತಮ್ಮ ಬೇಡ ಎಂದ. ನಿಂತುಹೋದ ಮನುಷ್ಯನದು ಹೆಂಗ ನಡೀತೈತ್ರಿ ಎಂದು ಅವನ ವಾದ. ಅಕ್ಕೋರು ಕೈಸನ್ನೆ ಮಾಡಿ ಅವನನ್ನು ಸುಮ್ಮನಿರಿಸಿ, ಡಾಕ್ಟರಮ್ಮನಿಗೆ ಎರಡು ಪ್ರಶ್ನೆ ಕೇಳಿದರು. ಅವರಿಗೆ ನೋವಾಗುತ್ತದೆಯೇ ಎಂಬುದು ಮೊದಲನೆಯದು. ನೋವಾಗದಂತೆ ಔಷಧ ಕೊಟ್ಟೇ ಯಂತ್ರ ತೆಗೆಯುತ್ತಾರೆ ಎಂದು ಉತ್ತರ ಬಂತು. ಎರಡನೆಯದನ್ನು ಕೇಳಲು ಅವರು ಬಹಳ ಹೊತ್ತು ತೆಗೆದುಕೊಂಡರು.

"ಯಂತ್ರ ತಗೀರಿ ಅಂತ ಅನ್ನೋರು... ನನ್ನ ಸಲುವಾಗಿ... ಅಂತಾರೇನ್ರಿ?"

"ಇಲ್ರಿ ಅಕ್ಕೋರ" ಎಂದರು ಡಾಕ್ಟರಮ್ಮ. "ಅದನ್ನ ಮನಿಯವರು, ಅವರ ಡಾಕ್ಟರು ಮೊದಲ ತೀರ್ಮಾನ ಮಾಡಿರ್ತಾರ. ಅಂಗದಾನದ ಮಾತು ಆಮ್ಯಾಲಿಂದು. ಅವರಿಗೆ ನೀವು ಗೊತ್ತಿಲ್ಲ. ಅವರನ್ನ ನೋಡೂ ಡಾಕ್ಟರಿಗೂ ನಮಗೂ ಸಂಬಂಧ ಇಲ್ಲ."

"ಹಂಗಾದ್ರ ಆತು" ಎಂದು ಅಕ್ಕೋರು ಪೆನ್ನಿಗೆ ಕೈ ಚಾಚಿದರು.

ಕರೆ ಬಂದದ್ದು ಮೂರನೆಯ ದಿನ ಬೆಳಿಗ್ಗೆ. ಅದೇ ಎರಡನೆಯ ರೀತಿಯದು. ಆಸ್ಪತ್ರೆಗೆ ಓಡಿದೆವು. ರಕ್ತ ತೆಗೆದರು, ಹಸಿರು ಅಂಗಿ ತೊಡಿಸಿದರು, ಗಾಡಿಯ ಮೇಲೆ ಮಲಗಿಸಿ ಆಪರೇಷನ್ ಕೋಣೆಯ ಹೊರಗಿನವರೆಗೂ ತಂದರು. ಇನ್ನೊಂದು ಆಸ್ಪತ್ರೆಯಲ್ಲಿ ಯಂತ್ರ ತೆಗೆದಿದ್ದಾರೆ, ಸುದ್ದಿ ಬರಬೇಕು ಎಂದರು. ನಾವು ಮೂವರು ಬೆಂಚಿನ ಮೇಲೆ ಕುಳಿತೆವು. ತಮ್ಮನ ಹೆಂಡತಿ ಕಣ್ಣು ಮುಚ್ಚಿ ಬನಶಂಕರಿಯನ್ನು ನೆನೆಯುತ್ತಿದ್ದಳು. ನಾನೂ ನೆನೆದೆ. ಏನು ಬೇಡಿಕೊಳ್ಳುತ್ತಿದ್ದೇನೆ ಎಂದು ನನಗೆ ಹೊಳೆದದ್ದು ತಡವಾಗಿ. ಯಾವುದೋ ಮನೆಯವರ ಜೀವ ಬೇಗ ನಿಲ್ಲಲಿ ಎಂದು ಬೇಡುತ್ತಿದ್ದೆ.

ಮಧ್ಯಾಹ್ನದ ಹೊತ್ತಿಗೆ ಡಾಕ್ಟರಮ್ಮ ಬಂದರು. ಅವರ ಮುಖ ನೋಡಿದ ಕೂಡಲೇ ತಮ್ಮ ಗೋಡೆಗೆ ತಿರುಗಿದ. ಯಂತ್ರ ತೆಗೆದ ಮೇಲೂ ಆ ಹೃದಯ ನಿಂತಿರಲಿಲ್ಲ. ಇಂತಿಷ್ಟು ಹೊತ್ತಿನೊಳಗೆ ನಿಲ್ಲದಿದ್ದರೆ ಶ್ವಾಸಕೋಶ ಬಳಸಲು ಬರುವುದಿಲ್ಲವಂತೆ. ಆ ಹೊತ್ತು ಮೀರಿತು. ಅವರನ್ನು ಮನೆಯವರ ಬಳಿಯೇ ಬಿಟ್ಟಿದ್ದಾರೆ. ನೀವು ವಾಪಸು ಹೋಗಿರಿ, ಮತ್ತೆ ಕರೆಯುತ್ತೇವೆ ಎಂದರು.

ಅಕ್ಕೋರಿಗೆ ಇದನ್ನು ಹೇಳುವವರು ಯಾರು? ನಾನೇ ಒಳಗೆ ಹೋದೆ. ಅವರಿಗೆ ಆಗಲೇ ತಿಳಿದಿತ್ತು. ಹಸಿರು ಅಂಗಿಯಲ್ಲೇ ಕುಳಿತಿದ್ದರು. ನನ್ನ ಕಣ್ಣು ನೋಡಿ, "ಆ ಎದಿ ಇನ್ನೂ ಆಡಾಕತ್ತೈತಿ, ತಂಗಿ. ಆಡ್ಲಿ" ಎಂದರು. ಸ್ವಲ್ಪ ತಡೆದು, "ಅವರ ಮನಿಯವರು... ಇನ್ನೊಂದೀಟು ಹೊತ್ತು... ಕೈ ಹಿಡಕೊಂಡು ಕೂಡ್ಲಿ" ಎಂದರು.

ನನಗೆ ತಡೆಯಲಾಗಲಿಲ್ಲ. "ಅಕ್ಕೋರ, ನಾ ಮುಂಜಾನಿಂದ ಅದು ನಿಂದರಲಿ ಅಂತ ಬೇಡ್ಕೊಳ್ಳಾಕತ್ತಿದ್ದೆ" ಎಂದುಬಿಟ್ಟೆ.

ಅವರು ಬೈಯಲಿಲ್ಲ. ನಾಲ್ಕಾರು ಸಲ ಉಸಿರು ಎಳೆದುಕೊಂಡು, "ನಾನೂ ಬೇಡ್ಕೊಂಡೆ. ಆಮ್ಯಾಲೆ ನಾಚಿಕಿ ಬಂತು" ಎಂದರು. "ಇನ್ನ ಮುಂದ ಹಂಗ ಬೇಡೂದು ಬ್ಯಾಡ. ಆಗೂದು ಆದ ಮ್ಯಾಲೆ... ಅವರು ಕೊಟ್ರ... ತಗೊಳ್ಳೂಣು."

ಹುನಗುಂದದ ಬಸ್ಸಿನಲ್ಲಿ ಅಳುತ್ತ ಕುಳಿತಿದ್ದಾಗ ತಿಳಿಯದ ಅವರ ಮಾತು ಆ ಮಧ್ಯಾಹ್ನ ನನಗೆ ಪೂರ್ತಿ ತಿಳಿಯಿತು. ಅವರು ಸೋಲನ್ನು ಸಹಿಸಿಕೊಳ್ಳುತ್ತಿದ್ದರು ಎಂದಲ್ಲ. ತಮ್ಮದಲ್ಲದ್ದು ಎಂದು ಗೊತ್ತಾದ ಮೇಲೆ ಅದು ಅವರಿಗೆ ಸೋಲಾಗಿಯೇ ಕಾಣುತ್ತಿರಲಿಲ್ಲ. ಆ ದಿನ ಆಸ್ಪತ್ರೆಯಿಂದ ಬಾಡಿಗೆ ಮನೆಗೆ ವಾಪಸು ಬಂದು, ನಮಗೆಲ್ಲ ಊಟ ಸೇರದಿದ್ದಾಗ, ಅವರೊಬ್ಬರೇ ಮಜ್ಜಿಗೆ ಅನ್ನ ಕಲಸಿಕೊಂಡು ನಿಧಾನವಾಗಿ ಉಂಡರು.

ರಜೆ ಮುಗಿದು ನಾನು ಇಳಕಲ್ಲಿಗೆ ಮರಳಿದೆ. ಅಲ್ಲಿ ಅವರು ಕಾದರು, ಇಲ್ಲಿ ನಾವು ಕಾದೆವು. ದೀಪಾವಳಿ ಹೋಯಿತು, ಚಳಿ ಬಂತು. ತಮ್ಮನ ಫೋನಿನ ಮಾತು ದಿನದಿಂದ ದಿನಕ್ಕೆ ಚಿಕ್ಕದಾಗುತ್ತಿತ್ತು. ಅಕ್ಕ ಈಗ ಹಾಸಿಗೆಯಿಂದ ಕುರ್ಚಿಗೆ ಬರಲೂ ಇಬ್ಬರು ಬೇಕು ಎಂದ ಒಂದು ದಿನ. ಹೆಚ್ಚು ದಿನ ಇಲ್ಲ ಎಂದು ಡಾಕ್ಟರು ಹೇಳಿದ್ದನ್ನು ಅವನು ನನಗೆ ಹೇಳಲಿಲ್ಲ.

ಡಿಸೆಂಬರಿನ ಒಂದು ದಿನ ನಾನು ಒಂಬತ್ತನೆಯ ಇಯತ್ತೆಗೆ ಸಮಾಸ ಹೇಳಿಕೊಡುತ್ತಿದ್ದಾಗ ಫೋನು ನಡುಗಿತು. ತಮ್ಮ ಒಂದೇ ಉಸಿರಿಗೆ ಹೇಳಿದ. ಮತ್ತೆ ಅಂಥದೇ ದಾನಿ. ಈ ಸಲ ಯಂತ್ರ ತೆಗೆದ ಸ್ವಲ್ಪ ಹೊತ್ತಿನಲ್ಲೇ ಹೃದಯ ನಿಂತಿತು. ಕಾಯಬೇಕಾದಷ್ಟು ಕಾದರು. ಶ್ವಾಸಕೋಶ ಚೆನ್ನಾಗಿವೆ, ತರುತ್ತಿದ್ದಾರೆ. ಅಕ್ಕನನ್ನು ಒಳಗೆ ಕರೆದುಕೊಂಡು ಹೋದರು. ನಾನು ಫೋನು ಇಟ್ಟು ಹುಡುಗಿಯರ ಕಡೆ ತಿರುಗಿದೆ. ಅಕ್ಕೋರನ್ನ ಒಳಗ ಕರಕೊಂಡು ಹೋದರಂತ ಎಂದೆ. ಕಬಡ್ಡಿ ತಂಡದ ನಾಯಕಿ ರೇಷ್ಮಾ ಎದ್ದು ನಿಂತಳು, ಅವಳ ಹಿಂದೆ ಇಡೀ ವರ್ಗ ಎದ್ದು ನಿಂತಿತು. ಈ ಸಲ ಏನು ಬೇಡಿಕೊಳ್ಳಬೇಕು ಎಂದು ನನಗೆ ಗೊತ್ತಿತ್ತು. ಹೋದವರ ಮನೆಯವರಿಗೆ ತಡೆದುಕೊಳ್ಳುವ ಶಕ್ತಿ ಕೊಡು ಎಂದೆ. ಅಕ್ಕೋರ ವಿಷಯ ಆಮೇಲೆ ಕೇಳಿದೆ.

ಮರುದಿನ ಬೆಳಿಗ್ಗೆ ಪ್ರಾರ್ಥನೆಗೆ ಹುಡುಗಿಯರು ಸಾಲುಗಟ್ಟಿ ನಿಂತಿದ್ದಾಗ ಸುದ್ದಿ ಬಂತು. ಎರಡೂ ಶ್ವಾಸಕೋಶ ಜೋಡಿಸಿದ್ದಾರೆ, ಎರಡೂ ಗಾಳಿ ಎಳೆಯುತ್ತಿವೆ, ಅಕ್ಕ ಕಣ್ಣು ಬಿಟ್ಟಳು. ಹೆಡ್ ಮಾಸ್ತರರು ಮೈಕಿನಲ್ಲಿ ಇದನ್ನು ಹೇಳಲು ಹೋಗಿ, ಅಕ್ಕೋರು ಎಂಬಲ್ಲಿಗೇ ಮೈಕನ್ನು ನನ್ನ ಕೈಗೆ ಕೊಟ್ಟುಬಿಟ್ಟರು. ಮುಂದಿನದನ್ನು ಹೇಳುವ ಅವಶ್ಯಕತೆ ಇರಲಿಲ್ಲ. ಎದ್ದ ಕೂಗು ಮಾರ್ಕೆಟ್ಟಿನವರೆಗೂ ಕೇಳಿಸಿತೆಂದು ಆಮೇಲೆ ಕಾಯಿಪಲ್ಲೆ ಮಾರುವವರು ಹೇಳಿದರು.

ಗಂಟಲಲ್ಲಿ ನಳಿಕೆ ಇದ್ದಷ್ಟು ದಿನ ಅಕ್ಕೋರು ಮಾತಾಡುವಂತಿರಲಿಲ್ಲ. ಬರೆಯಲು ಒಂದು ಹಲಗೆ ಕೊಟ್ಟಿದ್ದರು. ನೀರು ಬೇಕೆಂದೋ ನೋವೆಂದೋ ಬರೆಯುತ್ತಾರೆ ಎಂದು ತಮ್ಮ ಬಗ್ಗಿ ನೋಡಿದ. ನಡುಗುವ ಅಕ್ಷರದಲ್ಲಿ ಅವರು ಬರೆದದ್ದು, ಕೊಟ್ಟವರ ಮನೆಯವರು ಊಟ ಮಾಡಿದರೇ ಎಂದು. ತಮ್ಮ ಅದನ್ನು ಡಾಕ್ಟರಮ್ಮನಿಗೆ ತೋರಿಸಿದ. ಅವರು ಹಲಗೆಯನ್ನು ಒರೆಸದೆ ಹಾಗೆಯೇ ಮಂಚದ ಪಕ್ಕಕ್ಕೆ ಇಟ್ಟು ಹೋದರಂತೆ.

ನಳಿಕೆ ತೆಗೆದ ಮೇಲಿನ ಕಥೆ ಅಕ್ಕೋರೇ ನಕ್ಕು ನಕ್ಕು ಹೇಳುತ್ತಾರೆ. ವ್ಯಾಯಾಮ ಮಾಡಿಸುವ ತಮಿಳು ಹುಡುಗ ದಿನವೂ ಬಂದು, ಒಂದು ಉಸಿರಿನಲ್ಲಿ ಎಷ್ಟು ಎಣಿಸುತ್ತೀರಿ ಎಂದು ಕೈಬೆರಳು ಮಡಚಿ ಕೇಳುತ್ತಿದ್ದ. ಅವನ ಎಣಿಕೆ ಇವರಿಗೆ ತಿಳಿಯದು, ಇವರ ಎಣಿಕೆ ಅವನಿಗೆ ತಿಳಿಯದು. ಒಂದು ದಿನ ಬೇಸತ್ತು ಅಕ್ಕೋರು ಕಬಡ್ಡಿ ಕಬಡ್ಡಿ ಎಂದು ಶುರು ಮಾಡಿದರು. ಹುಡುಗ ಬೆರಗಾಗಿ, ತಾನೂ ಬಗ್ಗಿ, ಎರಡೂ ಕೈ ಅಗಲಿಸಿ ಹಿಡಿಯುವವನಂತೆ ನಿಂತ. ಅಂದಿನಿಂದ ಆ ವಾರ್ಡಿನ ಕಾರಿಡಾರಿನಲ್ಲಿ ಬೆಳಿಗ್ಗೆ ಹತ್ತು ಗಂಟೆಗೆ ಅದೇ ನಡೆಯಿತು. ಮೊದಲ ದಿನ ಆರು ಸಲ ಅಂದರು. ಆಸ್ಪತ್ರೆ ಬಿಡುವ ದಿನ ನರ್ಸುಗಳು ಎಣಿಸುವುದನ್ನು ಮರೆತರು.

ಒಮ್ಮೆ ನಾನು ಆ ಮೊದಲ ಉಸಿರು ಹೇಗಿತ್ತು ಎಂದು ಕೇಳಿದೆ. ಕನ್ನಡ ಕಲಿಸುವವಳಲ್ಲವೇ, ಏನಾದರೂ ಚಂದದ ಮಾತು ಬರುತ್ತದೆ ಎಂದು ಕಾದೆ. ಅಕ್ಕೋರು ಯೋಚಿಸಿ, ಉಸಿರಾಡುವುದು ನೆನಪೇ ಆಗಲಿಲ್ಲ, ಅದೇ ಸುಖ ಎಂದರು. ನಾಲ್ಕು ವರ್ಷ ಒಂದೊಂದು ಉಸಿರನ್ನೂ ನೆನಪಿಟ್ಟು ಎಳೆದವರು ಅವರು.

ಮುಂದಿನ ವರ್ಷ ಸಾಲಿಗೆ ಮರಳಿದರು. ಮುಖಕ್ಕೆ ಮಾಸ್ಕು, ಗಡಿಯಾರ ನೋಡಿ ಗುಳಿಗೆ, ಹೊರಗಿನ ತಿನಿಸು ಇಲ್ಲ, ಗದ್ದಲದಲ್ಲಿ ನಿಲ್ಲುವಂತಿಲ್ಲ. ಎಲ್ಲಕ್ಕಿಂತ ಕಷ್ಟದ್ದು, ಮಣ್ಣಿನ ಮೈದಾನಕ್ಕೆ ಇಳಿಯುವಂತಿಲ್ಲ. ಧೂಳು, ಮಣ್ಣಿನೊಳಗಿನ ಬೂಷ್ಟು ಅವರಿಗೆ ಆಗದು. ಇನ್ನು ಆಫೀಸಿನ ಕೆಲಸ ನೋಡುತ್ತ ನಿವೃತ್ತಿಯ ದಿನ ಕಳೆಯುತ್ತಾರೆ ಎಂದು ನಾವು ಅಂದುಕೊಂಡೆವು. ಅಕ್ಕೋರು ಮೇಲಿನ ಮಹಡಿಯ ವರಾಂಡದಲ್ಲಿ ಕುರ್ಚಿ ಹಾಕಿಸಿಕೊಂಡರು. ಅಲ್ಲಿಂದ ಇಡೀ ಅಂಕಣ ಕಾಣುತ್ತಿತ್ತು. ಕೆಳಗೆ ಇದ್ದಾಗ ಕಾಣದ ತಪ್ಪೆಲ್ಲ ಮೇಲಿನಿಂದ ಕಾಣುತ್ತವೆ, ಇಷ್ಟು ವರ್ಷ ಕೆಳಗೆ ನಿಂತು ಕೆಟ್ಟೆ ಎಂದರು. ನಾಯಕಿಯ ಕೊರಳಿಗೆ ಹೋಗಿದ್ದ ಸೀಟಿಯನ್ನು ವಾಪಸು ಪಡೆದರು. ಮಾಸ್ಕು ಸರಿಸಿ, ಊದಿ, ಮತ್ತೆ ಏರಿಸುವುದು. ಅದರ ಸದ್ದು ಒಂದೇ ಎಳೆಯಾಗಿ ಮೈದಾನ ದಾಟಿ, ರಸ್ತೆ ದಾಟಿ ಹೋಗುತ್ತಿತ್ತು.

ಹೋದ ವರ್ಷದ ಜಿಲ್ಲಾ ಪಂದ್ಯ ಬಾಗಲಕೋಟೆಯಲ್ಲಿ, ಒಳಾಂಗಣದಲ್ಲಿ, ಮ್ಯಾಟಿನ ಮೇಲೆ ನಡೆಯಿತು. ಧೂಳಿಲ್ಲವಾದ್ದರಿಂದ ಡಾಕ್ಟರು ಹೂಂ ಅಂದರು. ಆಗ ಕಾಲೇಜಿಗೆ ಹೋಗಿದ್ದ ರೇಷ್ಮಾ ರಜೆ ಹಾಕಿ ಬಂದು ಹುಡುಗಿಯರ ನೀರಿನ ಬಾಟಲಿ ಹೊತ್ತಿದ್ದಳು. ಕೊನೆಯ ಆಟದಲ್ಲಿ ನಮ್ಮವರು ಐದು ಅಂಕ ಹಿಂದೆ ಬಿದ್ದಾಗ ಅಕ್ಕೋರು ವಿರಾಮ ಕೇಳಿದರು. ಹುಡುಗಿಯರು ಸುತ್ತ ನೆರೆದರು, ಕೆಲವರ ಕಣ್ಣಲ್ಲಿ ನೀರಿತ್ತು.

"ಅಂಕ ನೋಡಬ್ಯಾಡ್ರಿ, ಅವರ ಬಾಯಿ ನೋಡ್ರಿ" ಎಂದರು ಅಕ್ಕೋರು. "ಮೂರು ಮಂದಿ ಬಾಯಿಲೆ ಉಸುರು ಎಳ್ಯಾಕತ್ತಾರ. ದಮ್ಮು ಹತ್ತಿದವರು ಹೆಂಗ ನಿಂದರ್ತಾರ ಅನ್ನೂದು ನನಗ ಭಾಳ ಚಲೋ ಗೊತ್ತೈತಿ. ಎಡಗಡೆ ಮೂಲಿಯಾಕಿ ಇನ್ನ ಓಡೂದಿಲ್ಲ. ಆಕಿ ಕಡೆ ಹೋಗ್ರಿ."

ಆರು ರೇಡಿನಲ್ಲಿ ನಾಲ್ಕು ಆ ಎಡಮೂಲೆಗೇ ಹೋದವು. ಎರಡು ಅಂಕದಿಂದ ಗೆದ್ದೆವು. ಜಿಲ್ಲೆಯ ಫಲಕ ನಮ್ಮ ಸಾಲಿಗೆ ಬಂದದ್ದು ಅದೇ ಮೊದಲು. ಹುಡುಗಿಯರು ಅಪ್ಪಿಕೊಳ್ಳಲು ಓಡಿ ಬಂದು, ಸೋಂಕಿನ ಭಯ ನೆನಪಾಗಿ ಒಂದು ಮಾರು ದೂರದಲ್ಲಿ ಗಕ್ಕನೆ ನಿಂತರು. ಅಕ್ಕೋರು ಎರಡೂ ಕೈ ಎತ್ತಿ ಸೀಟಿ ಊದಿದರು. ಎದುರು ತಂಡದ ಮಾಸ್ತರರು ಬಂದು ನಮಸ್ಕಾರ ಮಾಡಿದರು. ಅವರಿಗೆ ಇವರ ಕಥೆ ಗೊತ್ತಿರಲಿಲ್ಲ.

ಕೊಟ್ಟವರ ಮನೆಗೆ ಕಾಗದ ಬರೆಯಬಹುದು, ಹೆಸರು, ಊರು ಇರಬಾರದು, ಆಸ್ಪತ್ರೆಯವರೇ ಅವರ ಭಾಷೆಗೆ ಮಾಡಿಸಿ ತಲುಪಿಸುತ್ತಾರೆ ಎಂದು ಡಾಕ್ಟರಮ್ಮ ಹೇಳಿದ್ದರು. ಅಕ್ಕೋರು ಅದನ್ನು ನನಗೆ ಬರೆಯಲು ಹೇಳಿದರು. ನಾನು ರಾತ್ರಿ ಹಗಲು ತಿದ್ದಿ ಮೂರು ಪುಟ ಬರೆದೆ. ಅವರು ಓದಿ, ಚಲೋ ಐತಿ, ಆದರ ಇದು ನೀ ಬರದದ್ದು ಎಂದು ಮಡಚಿಟ್ಟರು. ಆಮೇಲೆ ತಾವೇ ಬರೆದರು. ನನಗೆ ತೋರಿಸಿದ್ದರಿಂದ ಇಲ್ಲಿ ಹೇಳಬಲ್ಲೆ. ನಿಮ್ಮವರು ಹೋದ ದಿನ ನಾನು ಉಳಿದೆ. ನಾನು ಹೆಣ್ಣುಮಕ್ಕಳಿಗೆ ಆಟ ಕಲಿಸುತ್ತೇನೆ. ನಿಮ್ಮವರ ಉಸಿರು ನಮ್ಮ ಸಾಲಿಯಲ್ಲಿ ದಿನವೂ ಮುಂಜಾನೆ ಕೇಳುತ್ತದೆ. ನೀವು ಉತ್ತರ ಬರೆಯಬೇಕೆಂದಿಲ್ಲ. ಇಷ್ಟೇ.

ಉತ್ತರ ಬಂದಿರಲಿಲ್ಲ. ಬಾರದ್ದಕ್ಕೆ ಅವರಿಗೆ ಬೇಸರವೂ ಇರಲಿಲ್ಲ. ನಿವೃತ್ತಿಯಾಗಿ ಎಂಟು ದಿನಕ್ಕೆ, ಹೋದ ತಿಂಗಳು, ಆಸ್ಪತ್ರೆಯಿಂದ ಲಕೋಟೆ ಬಂತು. ಬರೆದವರು ತಾಯಿಯೋ, ತಂದೆಯೋ, ಹೆಂಡತಿಯೋ ನಮಗೆ ತಿಳಿಯದು. ಒಳಗಿದ್ದದ್ದು ಒಂದೇ ಪ್ರಶ್ನೆ. ಈಗ ನೀವು ನಿಲ್ಲದೆ ಮೆಟ್ಟಿಲು ಹತ್ತುತ್ತೀರಾ?

ಹೌದು ಎಂದು ಬರೆದು ಕಳಿಸಿದರೆ ಆಗುತ್ತಿತ್ತು. ನಾನು ಹಾಗೆಯೇ ಅಂದೆ.

"ಬರೇ ಹೌದು ಅಂದ್ರ ಹೆಂಗ? ಹತ್ತಿ ಹೇಳೂಣು. ನಾಳೆ ಮುಂಜಾನಿ ಬದಾಮಿಗೆ ಹೋಗೂಣು ಬಾ" ಎಂದರು.

ಬಾವಲಿಗಳಿರುವ ಗುಹೆಗಳಿಗೆ ಹೋಗಬೇಡಿ ಎಂದು ಡಾಕ್ಟರಮ್ಮ ಫೋನಿನಲ್ಲಿ ಮೊದಲೇ ತಾಕೀತು ಮಾಡಿದ್ದರು. ಹಾಗಾಗಿ ಕೆರೆಯ ಆಚೆ ದಂಡೆಯ, ಬಡಗಣ ಗುಡ್ಡದ ಮೆಟ್ಟಿಲು ಹಿಡಿದೆವು. ಬಿಸಿಲು ಏರುವ ಮೊದಲೇ ಶುರು ಮಾಡಿದೆವು. ಎರಡೂ ಕಡೆ ಕೆಂಪು ಬಂಡೆಗಳು ಎತ್ತರಕ್ಕೆ ನಿಂತಿವೆ, ನಡುವೆ ಕಡಿದಾದ ಮೆಟ್ಟಿಲು. ತಮ್ಮ ಹಿಂದೆ ಹಿಂದೆ ಬರುತ್ತ, ಕೂತಕೋ ಅಕ್ಕ, ನಿಂದರ ಅಕ್ಕ ಎನ್ನುತ್ತಲೇ ಇದ್ದ. ಅಕ್ಕೋರು ಅವನ ಮಾತಿಗೆ ತಿರುಗಿಯೂ ನೋಡದೆ, ಬರುವ ಜೂನಿನಿಂದ ಕಮತಗಿ ಊರಿನ ಹುಡುಗಿಯರಿಗೆ ವಾರಕ್ಕೆರಡು ದಿನ ಆಟ ಹೇಳಿಕೊಡಬೇಕೆಂದಿರುವುದನ್ನು ನನಗೆ ವಿವರಿಸುತ್ತ ಹತ್ತಿದರು. ಯಾವ ಹುಡುಗಿಯ ಕಾಲು ಗಟ್ಟಿ, ಯಾರ ಮನೆಯವರನ್ನು ಒಪ್ಪಿಸಬೇಕು, ಮ್ಯಾಟಿಗೆ ಯಾರನ್ನು ಕೇಳಬೇಕು, ಎಲ್ಲ ಬಂತು. ಅರ್ಧ ದಾರಿಗೆ ಬರುವ ಹೊತ್ತಿಗೆ ನಾನು ಹೂಂಗುಟ್ಟುವುದನ್ನೂ ಬಿಟ್ಟಿದ್ದೆ.

ಮೇಲೆ ತಲುಪಿದಾಗ ಕೆಳಗೆ ಕೆರೆ ಪೂರ್ತಿ ಬೆಳಕಾಗಿತ್ತು. ತಮ್ಮ ಕಲ್ಲಿನ ಮೇಲೆ ಕುಸಿದು ಕುಳಿತು ಮುಖ ಮುಚ್ಚಿಕೊಂಡ. ಅವನ ಹೆಗಲು ಅಲುಗುತ್ತಿದ್ದವು. ಅಕ್ಕೋರು ಅವನ ತಲೆಯ ಮೇಲೆ ಒಂದು ಗಳಿಗೆ ಕೈ ಇಟ್ಟು ತೆಗೆದರು. ಆಮೇಲೆ ನನ್ನ ಕಡೆ ತಿರುಗಿ, ಕಾಗದ ತೆಗೆ ಎಂದರು. ನಾನು ಚೀಲಕ್ಕೆ ಕೈ ಹಾಕಿದೆ. ಏದುಸಿರಿಗೆ ಪೆನ್ನೂ ಹಿಡಿಯಲಾಗಲಿಲ್ಲ.

"ಮೊದಲ ನಿನ್ನ ಉಸುರು ತಗೊ" ಎಂದು ಅವರು ನಿಂತು ಕಾದರು. ನನ್ನ ಎದೆ ಹದಕ್ಕೆ ಬಂದ ಮೇಲೆ ಹೇಳಿದರು.

"ಬರಿ, ತಂಗಿ. ಹತ್ತಿದ್ನಿ. ಮಾತಾಡಕೋತ ಹತ್ತಿದ್ನಿ."